ಡಿಪೆಂಡೆಂಟ್ ಸೋರ್ಸ್ ಇರುವ ಸರ್ಕ್ಯೂಟ್: ವೋಲ್ಟೇಜ್, ಪವರ್ ಲೆಕ್ಕ ಎಲ್ಲಿ ತಪ್ಪುತ್ತದೆ?

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಡಿಪೆಂಡೆಂಟ್ ಸೋರ್ಸ್, ಅಂದರೆ ಅವಲಂಬಿತ ಮೂಲಗಳ ಸುತ್ತಲೇ ಇವೆ. ಸರ್ಕ್ಯೂಟ್‌ನ ಬೇರೊಂದು ಕಡೆ ವೋಲ್ಟೇಜ್ ಅಥವಾ ಕರೆಂಟ್ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಇದರ ಬೆಲೆ ಬದಲಾಗುತ್ತದೆ. ಚಿತ್ರದಲ್ಲಿ ಇದಕ್ಕೆ ವೃತ್ತದ ಬದಲು ವಜ್ರದ ಆಕಾರ. ಕೆಳಗೆ ಪ್ರತಿ ಸರ್ಕ್ಯೂಟನ್ನೂ ಮಾತಿನಲ್ಲೇ ವಿವರಿಸಿದ್ದೇವೆ. ಓದುತ್ತಾ ಒಂದು ಹಾಳೆಯಲ್ಲಿ ಬಿಡಿಸಿಕೊಂಡರೆ ಸುಲಭವಾಗುತ್ತದೆ.

ಪ್ರಶ್ನೆ: ಒಂದೇ ಲೂಪ್ ಇರುವ ಸರ್ಕ್ಯೂಟ್. 36 ವೋಲ್ಟ್ ಬ್ಯಾಟರಿ, 4 ಓಮ್ ರೆಸಿಸ್ಟರ್, '2ವಿಎಕ್ಸ್' ಎಂದು ಬರೆದ ಅವಲಂಬಿತ ವೋಲ್ಟೇಜ್ ಮೂಲ, 6 ಓಮ್ ರೆಸಿಸ್ಟರ್ ಸಾಲಾಗಿವೆ. ವಿಎಕ್ಸ್ ಎಂದರೆ 4 ಓಮ್ ಮೇಲಿನ ವೋಲ್ಟೇಜ್. ನನಗೆ ಕರೆಂಟ್ 18 ಆಂಪಿಯರ್ ಬರುತ್ತಿದೆ, ಪುಸ್ತಕದ ಉತ್ತರ 2 ಆಂಪಿಯರ್. ಪವರ್ ಕೂಡಿಸಿ ನೋಡಿದೆ, ಅದೂ ಸರಿಯಾಗಿ ತಾಳೆಯಾಗುತ್ತಿದೆ! ಹಾಗಾದರೆ ಪುಸ್ತಕವೇ ತಪ್ಪೇ?

ಉತ್ತರ: ಪುಸ್ತಕ ಸರಿಯಾಗಿದೆ. ನಿಮ್ಮ ಗುಣಾಕಾರ ಭಾಗಾಕಾರಗಳೂ ಸರಿಯಾಗಿವೆ. ಆದರೆ ನೀವು ಬಿಡಿಸಿದ್ದು ಬೇರೊಂದು ಸರ್ಕ್ಯೂಟ್. ಸಮೀಕರಣ ಬರೆಯುವಾಗ ವಜ್ರದೊಳಗಿನ ಪ್ಲಸ್ ಮೈನಸ್ ಅದಲುಬದಲಾಗಿದೆ.

ನೀವು ಕಳಿಸಿದ ಚಿತ್ರದಂತೆ ಹೋಗೋಣ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟ್ 'ಐ' ಮೊದಲು 4 ಓಮ್ ದಾಟುತ್ತದೆ. ಅದು ಒಳಹೊಗುವ ತುದಿಯಲ್ಲೇ ವಿಎಕ್ಸ್‌ನ ಪ್ಲಸ್ ಗುರುತಿದೆ, ಆದ್ದರಿಂದ ವಿಎಕ್ಸ್ = 4ಐ. ಮುಂದೆ ವಜ್ರ. ಅಲ್ಲೂ ಕರೆಂಟ್ ಪ್ಲಸ್ ತುದಿಗೇ ಹೊಗುತ್ತದೆ, ಅಂದರೆ 2 × 4ಐ = 8ಐ ವೋಲ್ಟ್ ಇಳಿಯುತ್ತದೆ. ಕೊನೆಗೆ 6 ಓಮ್‌ನಲ್ಲಿ 6ಐ. ಕಿರ್ಚಾಫ್‌ನ ವೋಲ್ಟೇಜ್ ನಿಯಮದಂತೆ (ಲೂಪ್ ಸುತ್ತಿ ಬಂದರೆ ಏರಿದ ವೋಲ್ಟೇಜ್ ಇಳಿದದ್ದಕ್ಕೆ ಸಮ)

36 = 4ಐ + 8ಐ + 6ಐ = 18ಐ

ಐ = 2 ಆಂಪಿಯರ್. 4 ಓಮ್ ಮೇಲೆ 8 ವೋಲ್ಟ್, ವಜ್ರದ ಮೇಲೆ 16, 6 ಓಮ್ ಮೇಲೆ 12, ಕೂಡಿದರೆ 36. ಬ್ಯಾಟರಿ ಕೊಡುವುದು 72 ವ್ಯಾಟ್. ಅದರಲ್ಲಿ 4 ಓಮ್ 16 ವ್ಯಾಟ್, 6 ಓಮ್ 24 ವ್ಯಾಟ್, ಅವಲಂಬಿತ ಮೂಲ 32 ವ್ಯಾಟ್ ಹೀರುತ್ತವೆ. ಮೂಲ ಎಂಬ ಹೆಸರಿದ್ದರೂ ಇಲ್ಲಿ ಅದು ಪವರ್ ತೆಗೆದುಕೊಳ್ಳುತ್ತಿದೆ, ಕೊಡುತ್ತಿಲ್ಲ.

ನೀವು ಬರೆದದ್ದು 36 = 4ಐ − 8ಐ + 6ಐ = 2ಐ. ಆಗ ಕರೆಂಟ್ 18 ಆಂಪಿಯರ್, ವಜ್ರದ ಮೇಲೆ 144 ವೋಲ್ಟ್. ಬ್ಯಾಟರಿ 648 ವ್ಯಾಟ್ ಕೊಡುತ್ತದೆ, ವಜ್ರ 2592 ವ್ಯಾಟ್ ಕೊಡುತ್ತದೆ; ಒಟ್ಟು 3240. ರೆಸಿಸ್ಟರ್‌ಗಳು ಹೀರುವುದು 1296 + 1944, ಅದೂ 3240. ತಾಳೆ ಸರಿ, ಏಕೆಂದರೆ ವಜ್ರ ತಿರುಗಿರುವ ಸರ್ಕ್ಯೂಟ್‌ಗೆ ಇದು ನಿಜವಾದ ಉತ್ತರವೇ.

ಈ ತಾಳೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಎಲ್ಲ ಭಾಗಗಳ ಪವರ್ ಕೂಡಿದರೆ ಸೊನ್ನೆ ಬರಬೇಕು ಎನ್ನುವುದಕ್ಕೆ ಆಧಾರ 1952ರಲ್ಲಿ ಟೆಲ್ಲೆಗೆನ್ ಪ್ರಕಟಿಸಿದ ಪ್ರಮೇಯ. ಆ ಪ್ರಮೇಯಕ್ಕೆ ಬೇಕಾದದ್ದು ಕಿರ್ಚಾಫ್‌ನ ಎರಡು ನಿಯಮಗಳು (ವೋಲ್ಟೇಜ್‌ನದು, ಕರೆಂಟ್‌ನದು) ಮಾತ್ರ. ಯಾವ ಭಾಗ ರೆಸಿಸ್ಟರ್, ಯಾವುದು ವಜ್ರ, ಅದರ ಗುಣಕ (2ವಿಎಕ್ಸ್‌ನಲ್ಲಿರುವ 2) ಎಷ್ಟು ಎಂಬುದನ್ನು ಅದು ಕೇಳುವುದೇ ಇಲ್ಲ. ಹಾಗಾಗಿ ಪ್ರತಿ ಭಾಗದ ಪವರನ್ನೂ 'ವೋಲ್ಟೇಜ್ × ಕರೆಂಟ್' ಎಂದಷ್ಟೇ ಲೆಕ್ಕ ಹಾಕಿದರೆ, ಗುಣಕ ತಪ್ಪಾಗಿದ್ದರೂ ತಾಳೆ ಸರಿಬರಬಹುದು. ತಪ್ಪು ಸಿಕ್ಕಿಬೀಳಬೇಕಾದರೆ ರೆಸಿಸ್ಟರ್‌ನ ಪವರನ್ನು 'ಕರೆಂಟ್ ವರ್ಗ × ಓಮ್' ಎಂದು ತೆಗೆಯಿರಿ. ಅವಲಂಬಿತ ಮೂಲದ ವೋಲ್ಟೇಜನ್ನು ಕೊಟ್ಟಿರುವ ಗುಣಕದಿಂದಲೇ ಹೊಸದಾಗಿ ಹಾಕಿ. ಇಷ್ಟು ಮಾಡಿದರೂ ಪ್ಲಸ್ ಮೈನಸ್ ಅದಲುಬದಲಾಗಿದ್ದು ಸಿಗುವುದಿಲ್ಲ, ಅದಕ್ಕೆ ಮತ್ತೆ ಚಿತ್ರವನ್ನೇ ನೋಡಬೇಕು.

ವಜ್ರದ ಗುರುತು, ವಿಎಕ್ಸ್‌ನ ಗುರುತು ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಉತ್ತರ ಮತ್ತೆ 2 ಆಂಪಿಯರೇ. ಒಂದನ್ನು ಮಾತ್ರ ತಿರುಗಿಸಿದಾಗ ಕೆಡುತ್ತದೆ. 'ವಿಎಕ್ಸ್ ಹೇಗೂ ಕರೆಂಟ್ ದಿಕ್ಕಿನಲ್ಲೇ ಇರುತ್ತದೆ' ಎಂದುಕೊಂಡು ಅದರ ಗುರುತು ನೋಡದೆ ಮುಂದೆ ಹೋಗುವವರು ಬಹಳ. ಚಿತ್ರದಲ್ಲಿ ಪ್ಲಸ್ ಎಲ್ಲಿ ಬರೆದಿದ್ದಾರೋ ಅಲ್ಲೇ ಪ್ಲಸ್. ಉತ್ತರ ಮೈನಸ್ ಬಂದರೆ ಬರಲಿ.

ತಿರುಗಿದ ಸರ್ಕ್ಯೂಟ್‌ನಲ್ಲಿ ಇನ್ನೂ ಒಂದು ಗಮನಿಸುವ ಸಂಗತಿ ಇದೆ. ಗುಣಕ 2ರ ಬದಲು 'ಕೆ' ಎಂದಿಟ್ಟರೆ ಐ = 36 ÷ (10 − 4ಕೆ). ಕೆ 2.4 ಆದರೆ 90 ಆಂಪಿಯರ್, 2.49 ಆದರೆ 900. ಸರಿಯಾಗಿ 2.5 ಆದರೆ ಉತ್ತರವೇ ಇಲ್ಲ. 3 ಆದರೆ ಮೈನಸ್ 18. ಸ್ವತಂತ್ರ ಮೂಲ ಮತ್ತು ಮಾಮೂಲಿ ರೆಸಿಸ್ಟರ್ ಮಾತ್ರ ಇರುವ ಲೂಪ್‌ನಲ್ಲಿ ಹೀಗೆ ಆಗಲು ಸಾಧ್ಯವಿಲ್ಲ. ಕ್ಯಾಲ್ಕುಲೇಟರ್ 'ಸಿಂಗ್ಯುಲರ್ ಮ್ಯಾಟ್ರಿಕ್ಸ್' (ಈ ಸಮೀಕರಣಗಳಿಗೆ ಖಚಿತವಾದ ಒಂದು ಉತ್ತರ ಸಿಗದು) ಎಂದು ನಿಂತುಬಿಟ್ಟರೆ ಅಂಕಿ ತಪ್ಪು ಒತ್ತಿದ್ದೀರೋ ಎಂದು ಮೊದಲು ನೋಡಿ. ಅದು ಸರಿಯಿದ್ದರೆ ಗುಣಕ ಇಂಥ ಜಾಗದಲ್ಲಿ ಕೂತಿರಬೇಕು, ಅಥವಾ ಚಿಹ್ನೆ ತಿರುಗಿ ಅಲ್ಲಿಗೆ ಬಂದಿರಬೇಕು.

ಪ್ರಶ್ನೆ: ವಜ್ರದ ಪಕ್ಕ '0.5ವಿಎಕ್ಸ್' ಎಂದಿದೆ. ಇದು ವೋಲ್ಟೋ, ಆಂಪಿಯರೋ?

ಉತ್ತರ: ಪಕ್ಕದ ಬರಹ ಅದನ್ನು ಹೇಳುವುದಿಲ್ಲ, ವಜ್ರದ ಒಳಗೆ ನೋಡಿ. ಒಳಗೆ ಪ್ಲಸ್ ಮೈನಸ್ ಇದ್ದರೆ ವೋಲ್ಟ್, ಬಾಣ ಇದ್ದರೆ ಆಂಪಿಯರ್. ಬಾಣವಿದ್ದು '0.5ವಿಎಕ್ಸ್' ಎಂದಿದ್ದರೆ ಆ 0.5ಕ್ಕೆ ಏಕಮಾನ ಸೀಮೆನ್ಸ್: ವಿಎಕ್ಸ್ 1 ವೋಲ್ಟ್ ಆದಾಗ 0.5 ಆಂಪಿಯರ್. ಪ್ಲಸ್ ಮೈನಸ್ ಇದ್ದು '3ಐಎಕ್ಸ್' (ಐಎಕ್ಸ್ ಎಂದರೆ ಬೇರೊಂದು ಕಡೆಯ ಕರೆಂಟ್) ಎಂದಿದ್ದರೆ 3ಕ್ಕೆ ಏಕಮಾನ ಓಮ್. ವೋಲ್ಟೇಜ್‌ನಿಂದ ವೋಲ್ಟೇಜ್, ಕರೆಂಟ್‌ನಿಂದ ಕರೆಂಟ್ ಆದರೆ ಗುಣಕ ಬರಿಯ ಸಂಖ್ಯೆ. ಕಿಲೋಓಮ್, ಮಿಲಿಆಂಪಿಯರ್ ಬಳಸಿ ಲೆಕ್ಕ ಮಾಡುವವರು ಇಲ್ಲಿ ಹುಷಾರಾಗಿರಬೇಕು. 3 ಓಮ್ ಗುಣಕವನ್ನು 0.003 ಕಿಲೋಓಮ್ ಎಂದು, 0.5 ಸೀಮೆನ್ಸನ್ನು 500 ಮಿಲಿಸೀಮೆನ್ಸ್ ಎಂದು ಬದಲಿಸಿಕೊಳ್ಳದಿದ್ದರೆ ಉತ್ತರದಲ್ಲಿ ಸಾವಿರ ಪಟ್ಟು ವ್ಯತ್ಯಾಸ ಬರುತ್ತದೆ.

ಪ್ರಶ್ನೆ: ಎರಡು ನೋಡ್‌ಗಳ (ಭಾಗಗಳು ಕೂಡುವ ಬಿಂದುಗಳ) ನಡುವೆ ಅವಲಂಬಿತ ವೋಲ್ಟೇಜ್ ಮೂಲ ಸಿಕ್ಕಿಕೊಂಡಿದೆ. ಅದರಲ್ಲಿ ಹರಿಯುವ ಕರೆಂಟನ್ನು ನೋಡ್ ಸಮೀಕರಣದಲ್ಲಿ ಏನೆಂದು ಬರೆಯಬೇಕು? ಸರ್ಕ್ಯೂಟ್: 8 ಆಂಪಿಯರ್ ಕರೆಂಟ್ ಮೂಲ ನೋಡ್ 1ಕ್ಕೆ ಕರೆಂಟ್ ತುಂಬುತ್ತದೆ. ನೋಡ್ 1ರಿಂದ ಗ್ರೌಂಡ್‌ಗೆ 2 ಓಮ್, ಅದರಲ್ಲಿ ಕೆಳಮುಖ ಕರೆಂಟ್ ಐಎಕ್ಸ್. ನೋಡ್ 1 ಮತ್ತು 2ರ ನಡುವೆ 3ಐಎಕ್ಸ್ ವೋಲ್ಟೇಜ್ ಮೂಲ, ಪ್ಲಸ್ ತುದಿ ನೋಡ್ 2ಕ್ಕೆ. ನೋಡ್ 2ರಿಂದ ಗ್ರೌಂಡ್‌ಗೆ 5 ಓಮ್.

ಉತ್ತರ: ಮೊದಲೇ ಏನನ್ನೂ ಬರೆಯುವ ಅಗತ್ಯವಿಲ್ಲ. ವೋಲ್ಟೇಜ್ ಮೂಲದ ಕರೆಂಟ್ ಎಷ್ಟೆಂದು ಅದರ ಚಿಹ್ನೆ ಹೇಳುವುದಿಲ್ಲ. 3ಐಎಕ್ಸನ್ನೇ ಕರೆಂಟ್ ಎಂದು ಬರೆದುಬಿಡುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ನೋಡ್ 1, ನೋಡ್ 2, ಅವುಗಳ ನಡುವಿನ ವಜ್ರ ಮೂರನ್ನೂ ಸೇರಿಸಿ ಸುತ್ತಲೂ ಒಂದು ಗೆರೆ ಎಳೆಯಿರಿ. ಇದೇ ಸೂಪರ್‌ನೋಡ್. ಗೆರೆಯೊಳಗೆ ಬರುವ ಕರೆಂಟ್ 8, ಹೊರಹೋಗುವುದು ಎರಡು ರೆಸಿಸ್ಟರ್‌ಗಳಲ್ಲಿ:

ವಿ1/2 + ವಿ2/5 = 8

ಗೊತ್ತಿಲ್ಲದ್ದು ಎರಡು, ಸಮೀಕರಣ ಒಂದೇ. ಎರಡನೆಯದನ್ನು ವಜ್ರವೇ ಕೊಡುತ್ತದೆ: ವಿ2 − ವಿ1 = 3ಐಎಕ್ಸ್. ಐಎಕ್ಸ್ ಇಲ್ಲಿ ಮೂರನೇ ಅಜ್ಞಾತವಾಗಿ ಉಳಿಯಬಾರದು. ಅದು ವಿ1/2 ಎಂದು ಕೂಡಲೇ ಬದಲಿಸಿ. ಅವಲಂಬಿತ ಮೂಲದ ಯಾವ ಲೆಕ್ಕದಲ್ಲೂ ಈ ಹೆಜ್ಜೆ ಇದ್ದೇ ಇರುತ್ತದೆ. ನಿಯಂತ್ರಿಸುವ ಕರೆಂಟನ್ನೋ ವೋಲ್ಟೇಜನ್ನೋ ನೋಡ್ ವೋಲ್ಟೇಜ್‌ಗಳಲ್ಲಿ ಬರೆದುಕೊಂಡರೆ ಉಳಿದದ್ದು ಮಾಮೂಲಿ ಲೆಕ್ಕ.

ವಿ2 = ವಿ1 + 1.5ವಿ1 = 2.5ವಿ1. ಮೊದಲ ಸಮೀಕರಣಕ್ಕೆ ಹಾಕಿದರೆ ವಿ1/2 + ವಿ1/2 = 8, ಆದ್ದರಿಂದ ವಿ1 = 8 ವೋಲ್ಟ್, ವಿ2 = 20 ವೋಲ್ಟ್, ಐಎಕ್ಸ್ = 4 ಆಂಪಿಯರ್.

ವಜ್ರದ ಕರೆಂಟ್ ಈಗ ಕೇಳಿ. ನೋಡ್ 1ಕ್ಕೆ 8 ಆಂಪಿಯರ್ ಬಂತು, 4 ಕೆಳಗಿಳಿಯಿತು, ಉಳಿದ 4 ವಜ್ರದ ಮೂಲಕ ನೋಡ್ 2ಕ್ಕೆ ಹೋಯಿತು. ಅದು ಹೊರಬರುವುದು ವಜ್ರದ ಪ್ಲಸ್ ತುದಿಯಿಂದ. ಪ್ಲಸ್‌ನಿಂದ ಕರೆಂಟ್ ಹೊರಬಂದರೆ ಆ ಭಾಗ ಪವರ್ ಕೊಡುತ್ತದೆ, ಪ್ಲಸ್‌ಗೆ ಒಳಹೊಕ್ಕರೆ ಹೀರುತ್ತದೆ. ಆದ್ದರಿಂದ ವಜ್ರ 12 × 4 = 48 ವ್ಯಾಟ್ ಕೊಡುತ್ತಿದೆ. ಕರೆಂಟ್ ಮೂಲ ಕೊಡುವುದು 8 × 8 = 64. ಒಟ್ಟು 112 ವ್ಯಾಟ್. 2 ಓಮ್‌ನಲ್ಲಿ 16 × 2 = 32, 5 ಓಮ್‌ನಲ್ಲಿ 16 × 5 = 80. ತಾಳೆಯಾಯಿತು.

ಕರೆಂಟ್ ಮೂಲದ ಪವರ್‌ಗೆ ಬೇಕಾದ ವೋಲ್ಟೇಜ್ ವಿ1 ಎಂಬುದು ನೆನಪಿರಲಿ. ಕರೆಂಟ್ ಮೂಲದ ಮೇಲೆ ವೋಲ್ಟೇಜ್ ಸೊನ್ನೆ ಎಂದು ತಿಳಿದು ಅದರ ಪವರನ್ನೇ ಬಿಟ್ಟು ಕೂಡಿಸುವುದೂ ಉಂಟು. ಆಗ ತಾಳೆ ಎಂದೂ ಬರುವುದಿಲ್ಲ.

ಪ್ರಶ್ನೆ: ಅವಲಂಬಿತ ಮೂಲ ಪವರ್ ಕೊಡುತ್ತದೆ ಎಂದರೆ ನಂಬಲಾಗುತ್ತಿಲ್ಲ. ಅದು ಬ್ಯಾಟರಿ ಅಲ್ಲ, ಟ್ರಾನ್ಸಿಸ್ಟರ್‌ನ ಮಾದರಿ ಮಾತ್ರ. ಶಕ್ತಿ ಎಲ್ಲಿಂದ ಬರುತ್ತದೆ?

ಉತ್ತರ: ಈ ವಿಷಯದಲ್ಲಿ ಕೇಳಬೇಕಾದ ಅತ್ಯಂತ ಒಳ್ಳೆಯ ಪ್ರಶ್ನೆ ಇದು, ಅಂಕಿಗಳಲ್ಲೇ ಉತ್ತರ ಕೊಡಬಹುದು.

ಒಂದು ಟ್ರಾನ್ಸಿಸ್ಟರ್ ತೆಗೆದುಕೊಳ್ಳಿ. ಡಿಸಿ ಸಪ್ಲೈ 10 ವೋಲ್ಟ್, ಕಲೆಕ್ಟರ್‌ನಲ್ಲಿ 2 ಕಿಲೋಓಮ್ ರೆಸಿಸ್ಟರ್, ಎಮಿಟರ್ ಗ್ರೌಂಡ್‌ಗೆ, ಕಲೆಕ್ಟರ್ ಕರೆಂಟ್ 2 ಮಿಲಿಆಂಪಿಯರ್, ಬೀಟಾ (ಕಲೆಕ್ಟರ್ ಕರೆಂಟ್ ಬೇಸ್ ಕರೆಂಟ್‌ನ ಎಷ್ಟು ಪಟ್ಟು ಎಂಬುದು) 100. ರೆಸಿಸ್ಟರ್‌ನಲ್ಲಿ 4 ವೋಲ್ಟ್ ಇಳಿದು ಕಲೆಕ್ಟರ್ 6 ವೋಲ್ಟ್‌ನಲ್ಲಿರುತ್ತದೆ. ಸಿಗ್ನಲ್ ಇಲ್ಲದಾಗ ಸಪ್ಲೈ ಈ ಕವಲಿಗೆ ಕೊಡುವುದು 20 ಮಿಲಿವ್ಯಾಟ್. ರೆಸಿಸ್ಟರ್‌ನಲ್ಲಿ 8, ಟ್ರಾನ್ಸಿಸ್ಟರ್‌ನಲ್ಲಿ 12 ಶಾಖವಾಗುತ್ತದೆ.

ಈಗ ಬೇಸ್‌ಗೆ 5 ಮಿಲಿವೋಲ್ಟ್ ಪೀಕ್ ಇರುವ ಸೈನ್ ಸಿಗ್ನಲ್ ಕೊಡಿ. ಸಣ್ಣ ಸಿಗ್ನಲ್ ಮಾದರಿಯಲ್ಲಿ ಟ್ರಾನ್ಸಿಸ್ಟರ್ ಅಂದರೆ ವೋಲ್ಟೇಜ್ ನಿಯಂತ್ರಿಸುವ ಒಂದು ಕರೆಂಟ್ ಮೂಲ. ಅದರ ಗುಣಕ ಕಲೆಕ್ಟರ್ ಕರೆಂಟನ್ನು ಸುಮಾರು 25 ಮಿಲಿವೋಲ್ಟ್‌ನಿಂದ ಭಾಗಿಸಿದ್ದು, ಅಂದರೆ 0.08 ಸೀಮೆನ್ಸ್. ಸಿಗ್ನಲ್ ಕರೆಂಟ್ 0.08 × 5 = 0.4 ಮಿಲಿಆಂಪಿಯರ್ ಪೀಕ್. 2 ಕಿಲೋಓಮ್ ಮೇಲೆ 0.8 ವೋಲ್ಟ್ ಪೀಕ್. ಸರಾಸರಿ ಸಿಗ್ನಲ್ ಪವರ್ 0.8 × 0.4 ÷ 2 = 0.16 ಮಿಲಿವ್ಯಾಟ್. ಮಾದರಿಯಲ್ಲಿ ಇದನ್ನು ಕೊಡುವುದು ವಜ್ರ. ಬೇಸ್ ಕಡೆಯಿಂದ ಬಂದ ಪವರ್ ಎಷ್ಟು? ಬೇಸ್ ಒಳರೋಧ 100 ÷ 0.08 = 1250 ಓಮ್; ಅದರಲ್ಲಿ 5 ಮಿಲಿವೋಲ್ಟ್ ಪೀಕ್ ಖರ್ಚುಮಾಡುವುದು 10 ನ್ಯಾನೊವ್ಯಾಟ್ ಮಾತ್ರ. ಹೊರಬಂದದ್ದು ಅದರ 16,000 ಪಟ್ಟು. ಸಿಗ್ನಲ್ ಕೊಟ್ಟ ಶಕ್ತಿಯೇ ಹೊರಗೆ ಬಂತು ಎನ್ನಲು ಸಾಧ್ಯವೇ ಇಲ್ಲ.

ಡಿಸಿ ಮತ್ತು ಸಿಗ್ನಲ್ ಎರಡನ್ನೂ ಸೇರಿಸಿ ನೋಡಿ. ಕಲೆಕ್ಟರ್ ಕರೆಂಟ್ 2ರಿಂದ 2.4ಕ್ಕೆ ಏರಿದಾಗ ಕಲೆಕ್ಟರ್ ವೋಲ್ಟೇಜ್ 6ರಿಂದ 5.2ಕ್ಕೆ ಇಳಿಯುತ್ತದೆ, ಕರೆಂಟ್ 1.6 ಆದಾಗ ವೋಲ್ಟೇಜ್ 6.8. ಒಂದು ಏರಿದರೆ ಇನ್ನೊಂದು ಇಳಿಯುವುದರಿಂದ ಅವುಗಳ ಗುಣಲಬ್ಧದ ಸರಾಸರಿ 12 ಆಗುವುದಿಲ್ಲ, 11.84 ಮಿಲಿವ್ಯಾಟ್ ಆಗುತ್ತದೆ. ರೆಸಿಸ್ಟರ್‌ನಲ್ಲಿ 8.16. ಸಪ್ಲೈ ಕೊಡುವ ಸರಾಸರಿ ಮೊದಲಿನಂತೆ 20 ಮಿಲಿವ್ಯಾಟೇ. ಅಂದರೆ ಸಿಗ್ನಲ್ ಇದ್ದಾಗ ಟ್ರಾನ್ಸಿಸ್ಟರ್ 0.16 ಮಿಲಿವ್ಯಾಟ್ ಕಡಿಮೆ ಬಿಸಿಯಾಗುತ್ತದೆ, ಅಷ್ಟೇ ಪವರ್ ರೆಸಿಸ್ಟರ್‌ಗೆ ಸಿಗ್ನಲ್ಲಾಗಿ ಸೇರುತ್ತದೆ. ವಜ್ರ 'ಕೊಡುತ್ತದೆ' ಎಂದು ಕಾಗದದ ಮೇಲೆ ಕಾಣುವುದು ಈ ವ್ಯತ್ಯಾಸವೇ. ಸಿಗ್ನಲ್ ಮಾದರಿ ಬರೆಯುವಾಗ ಡಿಸಿ ಸಪ್ಲೈ ಅಳಿಸಿಹಾಕುತ್ತೇವೆ, ಹಾಗಾಗಿ ಶಕ್ತಿಯ ಮೂಲ ಚಿತ್ರದಲ್ಲಿ ಕಾಣಿಸುವುದಿಲ್ಲ. ಎಷ್ಟು ಸೊಗಸಾಗಿ ಲೆಕ್ಕ ಕೂಡುತ್ತದೆ ನೋಡಿ. ಒಮ್ಮೆ ಕೈಯಾರೆ ಮಾಡಿದರೆ ಅವಲಂಬಿತ ಮೂಲದ ಬಗೆಗಿನ ಅನುಮಾನ ಮತ್ತೆ ಬರುವುದಿಲ್ಲ.

ಪ್ರಶ್ನೆ: ಥೆವೆನಿನ್ ರೋಧ (ಎರಡು ತುದಿಗಳಿಂದ ನೋಡಿದಾಗ ಇಡೀ ಸರ್ಕ್ಯೂಟ್‌ಗೆ ಸಮನಾದ ಒಂದೇ ರೋಧ) ಕಂಡುಹಿಡಿಯಲು ಎಲ್ಲ ಮೂಲಗಳನ್ನೂ ತೆಗೆಯಬೇಕಲ್ಲವೇ? 18 ವೋಲ್ಟ್ ಬ್ಯಾಟರಿ, ಅದರಿಂದ 6 ಓಮ್ ಮೂಲಕ 'ಅ' ನೋಡ್, 'ಅ'ದಿಂದ ಗ್ರೌಂಡ್‌ಗೆ 4 ಓಮ್. 6 ಓಮ್‌ನಲ್ಲಿ 'ಅ' ಕಡೆಗೆ ಹರಿಯುವುದು ಐಎಕ್ಸ್. ಗ್ರೌಂಡ್‌ನಿಂದ 'ಅ'ಗೆ 2ಐಎಕ್ಸ್ ತುಂಬುವ ಕರೆಂಟ್ ಮೂಲವಿದೆ. ಬ್ಯಾಟರಿ ಶಾರ್ಟ್ ಮಾಡಿ, ಕರೆಂಟ್ ಮೂಲ ತೆಗೆದು 6 ಮತ್ತು 4ನ್ನು ಸಮಾಂತರ ಮಾಡಿದೆ, 2.4 ಓಮ್ ಬಂತು. ತಪ್ಪು ಎನ್ನುತ್ತಾರೆ.

ಉತ್ತರ: ತೆಗೆಯಬೇಕಾದದ್ದು ಸ್ವತಂತ್ರ ಮೂಲಗಳನ್ನು ಮಾತ್ರ. ಅವಲಂಬಿತ ಮೂಲವನ್ನು ಆರಿಸುವ ಅಧಿಕಾರ ನಮಗಿಲ್ಲ, ಅದು ಐಎಕ್ಸ್ ಕೈಯಲ್ಲಿದೆ. ಐಎಕ್ಸ್ ಸೊನ್ನೆಯಾದರೆ ಮಾತ್ರ ಅದು ಸೊನ್ನೆ.

ಬ್ಯಾಟರಿಯನ್ನು ಶಾರ್ಟ್ ಮಾಡಿ, 'ಅ' ಮತ್ತು ಗ್ರೌಂಡ್ ನಡುವೆ 1 ವೋಲ್ಟ್‌ನ ಪರೀಕ್ಷಾ ಮೂಲ ಇಡಿ. 6 ಓಮ್‌ನಲ್ಲಿ ಕರೆಂಟ್ ಈಗ 'ಅ'ದಿಂದ ಹೊರಗೆ ಹರಿಯುತ್ತದೆ, ಆದ್ದರಿಂದ ಐಎಕ್ಸ್ = −1/6. ತುಂಬಬೇಕಿದ್ದ ವಜ್ರವೂ ಈಗ 1/3 ಆಂಪಿಯರ್ ಎಳೆದುಕೊಳ್ಳುತ್ತದೆ. ಪರೀಕ್ಷಾ ಮೂಲ ಕೊಡಬೇಕಾದ ಕರೆಂಟ್ 1/4 + 1/6 + 1/3 = 3/4 ಆಂಪಿಯರ್. ರೋಧ 1 ÷ 0.75 = 1.33 ಓಮ್.

ಇನ್ನೊಂದು ದಾರಿಯಲ್ಲೂ ನೋಡಿ. ತೆರೆದ ತುದಿಯಲ್ಲಿ 3ಐಎಕ್ಸ್ ಪೂರ್ತಿ 4 ಓಮ್‌ನಲ್ಲೇ ಇಳಿಯಬೇಕು: 3(18 − ವಿ)/6 = ವಿ/4, ಅಂದರೆ ವಿ = 12 ವೋಲ್ಟ್. 'ಅ'ವನ್ನು ಗ್ರೌಂಡ್‌ಗೆ ಶಾರ್ಟ್ ಮಾಡಿದರೆ ಐಎಕ್ಸ್ = 3, ಶಾರ್ಟ್ ಕರೆಂಟ್ 9 ಆಂಪಿಯರ್. 12 ÷ 9 = 1.33. ಎರಡೂ ಒಂದೇ.

ಗರಿಷ್ಠ ಪವರ್ ಕೇಳಿದ್ದರೆ ಲೋಡ್ 1.33 ಓಮ್ ಇರಬೇಕು, ಆಗ 27 ವ್ಯಾಟ್ ಸಿಗುತ್ತದೆ. ನಿಮ್ಮ 2.4 ಓಮ್ ಇಟ್ಟರೆ ಸುಮಾರು 24.8 ವ್ಯಾಟ್. ವ್ಯತ್ಯಾಸ ಚಿಕ್ಕದಾಗಿ ಕಾಣುವುದರಿಂದಲೇ ಈ ತಪ್ಪು ಗಮನಕ್ಕೆ ಬರದೆ ಉಳಿದುಬಿಡುತ್ತದೆ.

ಸ್ವತಂತ್ರ ಮೂಲವೇ ಇಲ್ಲದ ಸರ್ಕ್ಯೂಟ್ ಬಂದರೆ ತೆರೆದ ವೋಲ್ಟೇಜ್, ಶಾರ್ಟ್ ಕರೆಂಟ್ ಎರಡೂ ಸೊನ್ನೆ; ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲಾಗದು. ಅಲ್ಲಿ ಪರೀಕ್ಷಾ ಮೂಲವೇ ಗತಿ. ಉತ್ತರ ಮೈನಸ್ ಬಂದರೂ ಗಾಬರಿ ಬೇಡ. ಇದೇ ಸರ್ಕ್ಯೂಟ್‌ನಲ್ಲಿ ವಜ್ರದ ಬಾಣ ತಿರುಗಿಸಿ ಗುಣಕ 4 ಮಾಡಿದರೆ ಪರೀಕ್ಷಾ ಕರೆಂಟ್ 1/4 + 1/6 − 4/6 = −1/4, ರೋಧ ಮೈನಸ್ 4 ಓಮ್. ಆ ತುದಿಗಳಿಂದ ಸರ್ಕ್ಯೂಟ್ ಪವರನ್ನು ಹೊರಕ್ಕೆ ತಳ್ಳುತ್ತಿದೆ ಎಂದು ಅದರ ಅರ್ಥ. ಗರಿಷ್ಠ ಪವರ್‌ನ ಮಾಮೂಲಿ ಸೂತ್ರ ಅಲ್ಲಿ ನಡೆಯುವುದಿಲ್ಲ.

ಸೂಪರ್‌ಪೊಸಿಷನ್ (ಒಂದೊಂದು ಮೂಲದ ಪರಿಣಾಮವನ್ನು ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸುವುದು) ಮಾಡುವಾಗಲೂ ಇದೇ ನಿಯಮ: ಒಂದೊಂದೇ ಸ್ವತಂತ್ರ ಮೂಲ ಉಳಿಸಿಕೊಳ್ಳುತ್ತಾ ಹೋದರೂ ವಜ್ರ ಪ್ರತಿ ಸಲವೂ ಇರಬೇಕು. ಜೊತೆಗೆ ಕೂಡಿಸಬೇಕಾದದ್ದು ವೋಲ್ಟೇಜ್, ಕರೆಂಟ್ ಮಾತ್ರ. 5 ಓಮ್‌ನಲ್ಲಿ ಒಂದು ಮೂಲದಿಂದ 2, ಇನ್ನೊಂದರಿಂದ 1 ಆಂಪಿಯರ್ ಒಂದೇ ದಿಕ್ಕಿನಲ್ಲಿ ಬಂದರೆ ಪವರ್ 20 + 5 = 25 ಅಲ್ಲ, 9 × 5 = 45 ವ್ಯಾಟ್.

ಪ್ರಶ್ನೆ: ಸ್ಪೈಸ್ ಸಿಮ್ಯುಲೇಟರ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಸರ್ಕ್ಯೂಟ್ ಲೆಕ್ಕ ಹಾಕುವ ತಂತ್ರಾಂಶ) ಹಾಕಿ ನೋಡಿದರೆ ಕರೆಂಟ್ ಚಿಹ್ನೆ ಉಲ್ಟಾ ಬರುತ್ತದೆ. ಯಾಕೆ?

ಉತ್ತರ: ಸ್ಪೈಸ್‌ನಲ್ಲಿ ಪ್ರತಿ ಮೂಲದ ಕರೆಂಟನ್ನೂ ಮೊದಲು ಬರೆದ ನೋಡ್‌ನಿಂದ ಮೂಲದ ಒಳಗೆ ಹಾದು ಎರಡನೇ ನೋಡ್‌ಗೆ ಎಂದು ಅಳೆಯುತ್ತಾರೆ. ಹೀಗಾಗಿ ಪವರ್ ಕೊಡುತ್ತಿರುವ ಬ್ಯಾಟರಿಯ ಕರೆಂಟ್ ಮೈನಸ್ ಕಾಣುವುದು ಸಹಜ. ಕರೆಂಟ್ ಮೂಲಕ್ಕೂ ಇದೇ ಕ್ರಮ: ನೋಡ್ 1ಕ್ಕೆ ಕರೆಂಟ್ ತುಂಬಬೇಕಾದರೆ ಗ್ರೌಂಡ್ ಅಂದರೆ 0 ಮೊದಲು, 1 ಆಮೇಲೆ. ಇದನ್ನು ತಿರುಗಿಸಿ ಬರೆದವರಿಗೆ ಎಲ್ಲ ನೋಡ್ ವೋಲ್ಟೇಜ್‌ಗಳೂ ಮೈನಸ್ ಬರುತ್ತವೆ.

ಅವಲಂಬಿತ ಮೂಲಗಳಿಗೆ ನಾಲ್ಕು ಅಕ್ಷರಗಳಿವೆ. ವೋಲ್ಟೇಜ್‌ನಿಂದ ವೋಲ್ಟೇಜ್‌ಗೆ 'ಇ', ಕರೆಂಟ್‌ನಿಂದ ಕರೆಂಟ್‌ಗೆ 'ಎಫ್', ವೋಲ್ಟೇಜ್‌ನಿಂದ ಕರೆಂಟ್‌ಗೆ 'ಜಿ', ಕರೆಂಟ್‌ನಿಂದ ವೋಲ್ಟೇಜ್‌ಗೆ 'ಎಚ್'. 'ಎಫ್' ಮತ್ತು 'ಎಚ್'ಗೆ ರೆಸಿಸ್ಟರ್ ಹೆಸರು ಕೊಟ್ಟರೆ ಮೂಲ ಸ್ಪೈಸ್ ಕ್ರಮದಲ್ಲಿ ನಡೆಯುವುದಿಲ್ಲ. ನಿಯಂತ್ರಿಸುವ ಕರೆಂಟ್ ಒಂದು ವೋಲ್ಟೇಜ್ ಮೂಲದ ಮೂಲಕ ಹಾಯಬೇಕು. ಅದಕ್ಕೆ 0 ವೋಲ್ಟ್ ಮೂಲವೊಂದನ್ನು ಅಮ್ಮೀಟರ್‌ನಂತೆ ಸಾಲಿನಲ್ಲಿ ಸೇರಿಸುತ್ತಾರೆ. ಮೇಲಿನ ಸೂಪರ್‌ನೋಡ್ ಸರ್ಕ್ಯೂಟ್‌ಗೆ ನೋಡ್ 1 ಮತ್ತು ಹೊಸ ನೋಡ್ 3ರ ನಡುವೆ 0 ವೋಲ್ಟ್ ಮೂಲ (1 ಮೊದಲು), 3ರಿಂದ ಗ್ರೌಂಡ್‌ಗೆ 2 ಓಮ್. 'ಎಚ್' ಸಾಲಿನಲ್ಲಿ 2, 1, ಆ 0 ವೋಲ್ಟ್ ಮೂಲದ ಹೆಸರು, ಗುಣಕ 3, ಇದೇ ಕ್ರಮ. ಓಡಿಸಿದರೆ ನೋಡ್ 1ರಲ್ಲಿ 8, ನೋಡ್ 2ರಲ್ಲಿ 20 ವೋಲ್ಟ್ ಬರುತ್ತದೆ. 'ಎಚ್' ಮೂಲದ ಕರೆಂಟ್ ಮೈನಸ್ 4. 12 ವೋಲ್ಟ್‌ನಿಂದ ಗುಣಿಸಿದರೆ ಮೈನಸ್ 48 ವ್ಯಾಟ್. ಮೈನಸ್ ಅಂದರೆ ಕೊಡುತ್ತಿದೆ ಎಂದರ್ಥ, ಕೈಲೆಕ್ಕದಲ್ಲಿ ಸಿಕ್ಕಿದ್ದೂ ಅದೇ. ಬೆಲೆ ಬರೆಯುವಾಗ ಇನ್ನೊಂದು ಎಚ್ಚರ: ಸ್ಪೈಸ್‌ನಲ್ಲಿ 'ಎಂ' ಅಕ್ಷರ ದೊಡ್ಡದಾಗಿ ಬರೆದರೂ ಮಿಲಿಯೇ. ಮೆಗಾಓಮ್ ಬೇಕಾದರೆ 'ಮೆಗ್' ಎಂದೇ ಮೂರಕ್ಷರ ಬರೆಯಬೇಕು.